ಎಡಪಕ್ಕೆಯ ಗಾಯ

ಮಾರ್ಚ್ ೧೭, ೧೫೨೫. ಸಂತ ಗೆರ್ಟ್ರೂಡಳ ದಿನ

ಎಂಡ್ರೆಸ್‌ಗೆ ಬೈದು ಬೈದು ಗಂಟಲು ಕಟ್ಟಿದೆ. ಚಳಿಗಾಲವಿಡೀ ಕಿಟಕಿ ಪಕ್ಕ ಕೂತು ಪಿಯರ್ ಮರದ ಹಲಗೆಯಲ್ಲಿ ಶಿಲುಬೆಯ ಅಚ್ಚು ಕೆತ್ತಿದ ನನ್ನ ಗಂಡನೆಂಬ ಪುಣ್ಯಾತ್ಮ, ಚಿತ್ರದ ಹಾಳೆಯನ್ನು ಮರದ ಮೇಲೆ ಮಗುಚಿ ಅಂಟಿಸುವುದನ್ನೇ ಮರೆತಿದ್ದಾನೆ. ನೇರಕ್ಕೆ ಅಂಟಿಸಿಕೊಂಡು ಹಾಗೇ ಕೆತ್ತಿಬಿಟ್ಟಿದ್ದಾನೆ. ಮಸಿ ಹಚ್ಚಿ ಒತ್ತಿ ತೆಗೆದರೆ ಎಲ್ಲ ಅದಲುಬದಲು. ಮಾತೆ ಮರಿಯಳ ಜಾಗದಲ್ಲಿ ಯೋಹಾನ ನಿಂತಿದ್ದಾನೆ, ಅವನ ಜಾಗದಲ್ಲಿ ಅವಳು ಅಳುತ್ತಿದ್ದಾಳೆ. ಹೋಗಲಿ ಅನ್ನಬಹುದು. ಆದರೆ ಈಟಿಯ ಗಾಯ ಪ್ರಭುವಿನ ಬಲಪಕ್ಕೆ ಬಿಟ್ಟು ಎಡಪಕ್ಕೆಗೆ ಬಂದು ಕೂತಿದೆ! ಗಾಯ ಬಲಕ್ಕೆ ಎಂದು ತೊಟ್ಟಿಲ ಕೂಸಿಗೂ ಗೊತ್ತು.

"ಅಲ್ಲ ಮಾರಾಯ, ಹುಟ್ಟಿದಾಗಿಂದ ಇದೇ ಕಸುಬು ಮಾಡೋನು ನೀನು. ಕಣ್ಣು ಎಲ್ಲಿಟ್ಟಿದ್ದೆ?"

"ಹಾಳೆ ಮೇಲೇ ಇಟ್ಟಿದ್ದೆ ಲೋನಿ. ಪ್ರಭುವಿಗೆ ಪಕ್ಕೆ ಎರಡಿದೆಯಲ್ಲ, ಬಿಡು."

ಎದುರು ಮನೆಯ ಲೀನ್‌ಹಾರ್ಟ್ ಬಂದು ನೋಡಿ ಹೊಟ್ಟೆ ಹಿಡಿದುಕೊಂಡು ನಕ್ಕ. "ಅತ್ತಿಗೇ, ಈಟಿ ಹಾಕಿದ ಸಿಪಾಯಿ ಎಡಚ ಇದ್ದಿರಬೇಕು!" ಅವನಿಗೇನು, ನಗುತ್ತಾನೆ. ಅವನು ಚಿತ್ರಗಾರರ ಸಂಘದವನು, ಬಟ್ಟೆ ಮತ್ತು ಹಲಗೆಯ ಮೇಲೆ ಬರೆಯುವವನು. ನಾವು ಕಾಗದದವರು. ಅವರದ್ದು ಅವರಿಗೆ, ನಮ್ಮದು ನಮಗೆ. ನಾನು ಅಂಗೈಯಗಲ ಬಟ್ಟೆಗೆ ಕುಂಚ ತಾಗಿಸಿದರೂ ಅವನ ಸಂಘದವರು ಬಂದು ನನ್ನ ಬಣ್ಣದ ಮಡಕೆಗಳನ್ನು ಬೀದಿಗೆ ಎಸೆಯುತ್ತಾರೆ.

ಈಸ್ಟರ್ ಹತ್ತಿರ ಬಂತು, ಹೊಸ ಅಚ್ಚು ಕೆತ್ತಲು ಹೊತ್ತಿಲ್ಲ. ಆದದ್ದಾಗಲಿ ಎಂದು ಒತ್ತಿಸಿದೆ. ತೂತು ಕೊರೆದ ಎಣ್ಣೆ ಹಾಳೆಯನ್ನು ಚಿತ್ರದ ಮೇಲಿಟ್ಟು ಹಸಿರು ಒಂದು ಸಲ, ಹಳದಿ ಒಂದು ಸಲ, ಕೊನೆಗೆ ಕೆಂಪು. ಹಳ್ಳಿಯವರಿಗೆ ರಕ್ತ ಧಾರಾಳವಾಗಿ ಬೇಕು. ಕಡಿಮೆಯಾದರೆ ಹಾಳೆ ತಿರುಗಿಸಿ ಕೊಟ್ಟು, ಇವನಿನ್ನೂ ಸತ್ತೇ ಇಲ್ಲವಲ್ಲ ಅನ್ನುತ್ತಾರೆ. ನನ್ನ ಕೆಂಪಿಗೆ ಈ ಸೀಮೆಯಲ್ಲಿ ಸಾಟಿಯಿಲ್ಲ. ಸುಳ್ಳು ನಾಚಿಕೆ ಯಾಕೆ.

ಏಪ್ರಿಲ್ ೧೮. ಈಸ್ಟರ್ ಕಳೆದ ಮಂಗಳವಾರ

ಇವತ್ತು ಕಂಡದ್ದನ್ನು ಬರೆಯಲು ಮನಸ್ಸಿಲ್ಲ. ಆದರೂ ಬರೆಯುತ್ತೇನೆ. ಕನ್ಯಾಮಠದಲ್ಲಿ ಸಿಸ್ಟರುಗಳು ಕಲಿಸಿದ ಅಕ್ಷರ ಇಂಥ ದಿನಕ್ಕಲ್ಲದೆ ಮತ್ಯಾವುದಕ್ಕೆ.

ಬೆಳಗ್ಗೆ, ಬಿಷಪ್ಪನ ಮೇಲೂ ದೊರೆಯ ಮೇಲೂ ದಂಗೆಯೆದ್ದ ರೈತರ ದಂಡು ಊರೊಳಗೆ ಬಂತು. ಊರ ಬಾಗಿಲು ತೆರೆದವರು ನಮ್ಮವರೇ: ಚರ್ಮ ಹದ ಮಾಡುವವರು, ನೇಯುವವರು. ಮೊದಲು ಬಿಷಪ್ಪನ ಉಗ್ರಾಣಕ್ಕೆ ನುಗ್ಗಿ ವೈನ್ ಕುಡಿದರು, ಆಮೇಲೆ ಚರ್ಚಿಗೆ ಬಂದರು. ಕೊಡಲಿ, ಸುತ್ತಿಗೆ, ಒನಕೆ ಕೈಗೆ ಸಿಕ್ಕಿದ್ದೆಲ್ಲ ಹಿಡಿದಿದ್ದರು. ಬಲಿಪೀಠವನ್ನು ಸೌದೆಯಂತೆ ಸೀಳಿದರು. ಹಲ್ಲು ನೋವು ನೀಗುವ, ನನ್ನ ಹೆಸರಿನ ಸಂತ ಅಪೊಲೋನಿಯಾಳ ಮರದ ಪ್ರತಿಮೆಯನ್ನು ಕೆಳಗೆ ಕೆಡವಿ ಒಬ್ಬ ಅದರ ಎದೆಯ ಮೇಲೆ ಕೂತ, ಇನ್ನೊಬ್ಬ ಉಳಿ ಇಟ್ಟು ಎರಡೂ ಕಣ್ಣು ಎಬ್ಬಿದ. "ಈಗ ನೋಡು ನಮ್ಮನ್ನ! ಹಲ್ಲು ನೋವು ಅಂತ ಇಷ್ಟು ವರ್ಷ ನಿಂಗೆ ಮೇಣ ಸುಟ್ಟೆ!" ಎಂದು ಕಿರುಚುತ್ತಿದ್ದ.

ಗಂಟೆ ಬಾರಿಸುವ ಮುದುಕ ಯೋಬ್ಸ್ಟ್ ಅಡ್ಡ ಬಂದ. ಹಿತ್ತಾಳೆಯ ದೀಪದ ಕಂಬ ಎತ್ತಿ ಅವನ ತಲೆಗೆ ಬಾರಿಸಿದರು. ಬಿದ್ದ ಮೇಲೂ ಬಿಡಲಿಲ್ಲ, ಬಾರಿಸುತ್ತಲೇ ಇದ್ದರು. ಆ ಸದ್ದು! ನಾನು ಕಂಬದ ಮರೆಯಲ್ಲಿ ವಾಂತಿ ಮಾಡಿಕೊಂಡು ಅಲ್ಲೇ ಕುಸಿದೆ. ಎಂಡ್ರೆಸ್ ಎತ್ತಿಕೊಂಡೇ ಮನೆಗೆ ತಂದ.

ಹಿಂದೆಯೇ ಅವರೂ ಬಂದರು. "ಬೊಂಬೆ ಮಾರೋರ ಮನೆ ಇದೇ" ಎಂದು ಯಾರೋ ಕೂಗಿದ. ಬಾಗಿಲು ಮುರಿದರು, ಒಣಗಲು ಹಾಕಿದ್ದ ಹಾಳೆಗಳನ್ನು ಹರಿದು ತುಳಿದರು. ನಾನು ಮೈಮೇಲೆ ಬಂದವಳ ಹಾಗೆ ಒಬ್ಬನ ಗಡ್ಡಕ್ಕೆ ಕೈಹಾಕಿದೆ. ಅವನು ಸುತ್ತಿಗೆ ಎತ್ತಿದ. ನನ್ನ ತಲೆಗೇ ಬೀಳುತ್ತಿತ್ತು. ಲೀನ್‌ಹಾರ್ಟ್ ಎಲ್ಲಿಂದ ಬಂದನೋ, ನಡುವೆ ಕೈ ಚಾಚಿದ. ಏಟು ಅವನ ಬಲಗೈಗೆ ಬಿತ್ತು. ಮೂಳೆ ಮುರಿದದ್ದು ನನಗೆ ಕೇಳಿಸಿತು.

ಆ ಸಂತಳ ಕಣ್ಣು ಕಿತ್ತ ಕೈಗೆ ಹುಳ ಬೀಳಲಿ. ಮರದ ಕಣ್ಣಾದರೇನು, ಕಣ್ಣು ಕಣ್ಣೇ. ಎಂಥ ಮನುಷ್ಯನಿಗೆ ಅಂಥ ಮನಸ್ಸು ಬರುತ್ತದೆ?

ಏಪ್ರಿಲ್ ೧೯

ಅನ್ನ ನೀರು ಸೇರುತ್ತಿಲ್ಲ. ಕೆಂಪು ಮಡಕೆಯ ಮುಚ್ಚಳ ತೆಗೆದರೆ ಯೋಬ್ಸ್ಟ್ ಕಾಣುತ್ತಾನೆ. ಲೀನ್‌ಹಾರ್ಟ್‌ನ ಕೈಗೆ ದಬ್ಬೆ ಕಟ್ಟಿದ್ದಾರೆ. ಅವನ ಹೆಂಡತಿ ಉರ್ಸೆಲ್‌ಳ ಕಾಲು ಹಿಡಿದುಕೊಂಡು ಅತ್ತೆ. "ಅಳಬೇಡವೇ ಅಕ್ಕ, ನಿನ್ನ ತಲೆ ಉಳೀತಲ್ಲ, ಕೈ ಕೂಡುತ್ತೆ" ಎಂದು ಅವಳೇ ನನ್ನ ಮೂಗು ಒರೆಸಿದಳು.

ಏಪ್ರಿಲ್ ೨೭

ರೈತರ ಮುಖಂಡ, ಕೆಳಗಿನ ಗಿರಣಿಯ ಬಾಲ್ತಸಾರ್, ನಿನ್ನೆ ಲೀನ್‌ಹಾರ್ಟ್‌ನ ಮನೆಗೆ ಲಿನನ್ ಬಟ್ಟೆ ಹೊತ್ತು ಬಂದಿದ್ದನಂತೆ. ಭಾನುವಾರದೊಳಗೆ ದಂಡಿಗೆ ಬಾವುಟ ಬೇಕಂತೆ: ಶಿಲುಬೆಯ ಮೇಲೆ ಪ್ರಭು, ಬುಡದಲ್ಲಿ ಮಂಡಿಯೂರಿದ ರೈತ. ಲೀನ್‌ಹಾರ್ಟ್ ದಬ್ಬೆ ಕಟ್ಟಿದ ಕೈ ತೋರಿಸಿದನಂತೆ. "ಅದೆಲ್ಲ ನಂಗೊತ್ತಿಲ್ಲ. ಬಾವುಟ ಇಲ್ಲಾಂದ್ರೆ ಮನೆಗೆ ಬೆಂಕಿ" ಎಂದನಂತೆ.

ಇವತ್ತು ಲೀನ್‌ಹಾರ್ಟ್ ಬಟ್ಟೆಯನ್ನು ಕಂಕುಳಲ್ಲಿಟ್ಟುಕೊಂಡು ಬಂದ. "ಅತ್ತಿಗೇ, ನೀವೇ ಬರೀಬೇಕು."

"ಸಂಘದೋರು ನನ್ನ ಸುಲಿದು ಹಾಕ್ತಾರಷ್ಟೆ."

"ಯಾರಿಗೆ ಹೇಳ್ತೀವಿ? ಹೊರಗೆ ಕೆಲಸ ನಂದು. ಒಳಗೆ ಕೈ ನಿಮ್ದು."

ಎಂಡ್ರೆಸ್ ಬೇಡವೇ ಬೇಡ ಅಂದ. ನಾನು ಒಪ್ಪಿದೆ. ಅವನ ಕೈ ನನಗಾಗಿ ಮುರಿದದ್ದಲ್ಲವೇ. ಇನ್ನೊಂದು ಮಾತು, ಯಾರೂ ಓದದ ಜಾಗದಲ್ಲಿ ಬರೆಯಬಹುದು: ಹಾಸಿಗೆಯಷ್ಟು ಅಗಲದ ಆ ಬಿಳಿ ಬಟ್ಟೆ ಕಂಡು ನನ್ನ ಬಾಯಲ್ಲಿ ನೀರೂರಿತು. ಜನ್ಮವಿಡೀ ಗೇಣುದ್ದದ ಕಾಗದದಲ್ಲಿ ಬೇರೆಯವರ ಗೆರೆಗಳ ನಡುವೆ ಬಣ್ಣ ತುಂಬಿದವಳು ನಾನು.

ಏಪ್ರಿಲ್ ೩೦. ಭಾನುವಾರ

ಮುಗಿಯಿತು. ಎಂಥ ಕೆಂಪು! ಎಂಥ ಪ್ರಭು! ಒಣಗಲು ತೂಗುಹಾಕಿ ಹಿಂದೆ ಸರಿದು ನೋಡಿದವಳು ಹಣೆ ಹಣೆ ಚಚ್ಚಿಕೊಂಡೆ. ಗಾಯ ಎಡಪಕ್ಕೆಯಲ್ಲಿದೆ. ನಮ್ಮದೇ ಹಾಳೆಯನ್ನು ಗೋಡೆಗೆ ಅಂಟಿಸಿಕೊಂಡು ಅದನ್ನೇ ನೋಡಿ ಬರೆದಿದ್ದೆ. ಇಷ್ಟು ದಿನ ಆ ಎಡಗಾಯಕ್ಕೇ ಕೆಂಪು ಹಚ್ಚಿ ಹಚ್ಚಿ ಕೈಗೆ ಬಲವೇ ಮರೆತುಹೋಗಿದೆ.

ಲೀನ್‌ಹಾರ್ಟ್ ಮತ್ತೆ ನಕ್ಕ. ಬಾಲ್ತಸಾರ್‌ನ ಆಳುಗಳಿಗೆ ಎಡವೂ ತಿಳಿಯಲಿಲ್ಲ ಬಲವೂ ತಿಳಿಯಲಿಲ್ಲ. ಟೋಪಿ ತೆಗೆದು ಕಣ್ಣೀರು ಹಾಕಿಕೊಂಡು ಹೊತ್ತೊಯ್ದರು.

ಜೂನ್ ೬

ರೈತರ ದಂಡು ನುಚ್ಚುನೂರಾಯಿತು. ದೊರೆಯ ಕುದುರೆ ಸವಾರರು ಗೋಧಿ ಹೊಲಗಳಲ್ಲಿ ಅವರನ್ನು ಅಟ್ಟಿಸಿಕೊಂಡು ಹೋಗಿ ಕೊಚ್ಚಿದರಂತೆ. ಅಂತೆ ಯಾಕೆ, ಹೊಳೆಯೇ ಹೇಳುತ್ತಿದೆ. ನೀರಿಗೆ ಹೋದ ಹೆಂಗಸರು ಖಾಲಿ ಕೊಡ ಹಿಡಿದು ವಾಪಸಾಗುತ್ತಿದ್ದಾರೆ. ಸೇತುವೆಯ ಕಂಬಕ್ಕೆ ಹೆಣಗಳು ಸಿಕ್ಕಿಕೊಂಡಿವೆ. ಬೆಸ್ತರು ಉದ್ದ ಕೋಲಿನಿಂದ ತಳ್ಳಿ ಕೆಳಗಿನೂರಿಗೆ ಸಾಗಹಾಕುತ್ತಿದ್ದಾರೆ.

ಮಧ್ಯಾಹ್ನ ದೊರೆಯ ಸೈನ್ಯ ಊರು ಹೊಕ್ಕಿತು. ಸೆರೆ ಸಿಕ್ಕವರನ್ನು ಚೌಕದಲ್ಲಿ ಸಾಲಾಗಿ ಮಂಡಿಯೂರಿಸಿ ತಲೆ ಹೊಡೆದರು. ಬಾಲ್ತಸಾರ್‌ನದು ಒಂದೇ ಏಟಿಗೆ ಹೋಗಲಿಲ್ಲ. ಸಂತಳ ಕಣ್ಣು ಕಿತ್ತವನೂ ಆ ಸಾಲಿನಲ್ಲಿದ್ದ. ಅವನದು ಉರುಳುವುದನ್ನು ನೋಡಬೇಕೆಂದೇ ನಿಂತೆ, ನೋಡಿದೆ. ವಾಂತಿ ಬರಲಿಲ್ಲ.

ಜೂನ್ ೯

ಎಂಡ್ರೆಸ್‌ನನ್ನು ಹಿಡಿದುಕೊಂಡು ಹೋದರು. ಕೆತ್ತುತ್ತಾ ಕೂತಿದ್ದವನನ್ನು ಕೂದಲು ಹಿಡಿದು ಮೆಟ್ಟಿಲ ಮೇಲಿಂದ ದರದರ ಎಳೆದರು. ನಾನು ಅಡ್ಡಬಿದ್ದೆ. ಬೂಟುಗಾಲಲ್ಲಿ ಹೊಟ್ಟೆಗೆ ಒದ್ದರು.

ಹೊಲದಲ್ಲಿ ಸಿಕ್ಕಿದ ಬಾವುಟವನ್ನು ಪುರಭವನದ ಗೋಡೆಗೆ ಮೊಳೆ ಹೊಡೆದು ನೇತುಹಾಕಿದ್ದಾರೆ. ದೊರೆಯ ಸೈನ್ಯದ ದಳಪತಿಯ ಜೊತೆ ಬಂದ ಪಾದ್ರಿ ಅದನ್ನು ನೋಡಿ, ಗಾಯ ಎಡಕ್ಕಿದೆಯಲ್ಲ ಎಂದನಂತೆ. ರೈತರ ಮನೆ ಸುಡುವಾಗ ಪೆಟ್ಟಿಗೆಯ ಮುಚ್ಚಳಗಳಲ್ಲಿ, ಕೊಟ್ಟಿಗೆಯ ಬಾಗಿಲಲ್ಲಿ ಅಂಟಿಸಿದ್ದ ನಮ್ಮ ಹಾಳೆಗಳು ಸಿಕ್ಕಿವೆ. ಅಲ್ಲೂ ಗಾಯ ಎಡಕ್ಕೆ. ಮೂಲೆಯಲ್ಲಿ ಎಂಡ್ರೆಸ್‌ನ ಗುರುತು, ಪುಟ್ಟ ಚಾಕು.

ಡಂಗುರ ಹೊಡೆದರು. ದೊರೆಯ ಮೇಲೆ ಬಾವುಟ ಎತ್ತಿದವರು, ಬರೆದವರು, ಬಾಗಿಲು ತೆರೆದವರು ಇನ್ನು ದೊರೆಯ ಮುಖ ನೋಡಕೂಡದು: ಅವರ ಕಣ್ಣು ಕೀಳಿಸಲಾಗುವುದು.

ಎಂಡ್ರೆಸ್‌ನ ಕಣ್ಣು! ಕೂದಲೆಳೆಯಷ್ಟು ತೆಳ್ಳಗಿನ ಗೆರೆ ಉಳಿಸಿ ಸುತ್ತಲಿನ ಮರ ಕೆತ್ತಿ ತೆಗೆಯುವ ಕಣ್ಣು. ಹುಡುಗನಾಗಿದ್ದಾಗ ಮಠದ ಬೇಲಿಯಾಚೆ ನಿಂತು ನನ್ನನ್ನು ನೋಡಿದ ಕಣ್ಣು. ಆಗ ನಾನು ಮಠ ಬಿಟ್ಟು ಬಂದದ್ದೇ ಅದಕ್ಕೆ.

ಜೂನ್ ೧೦

ಗೆದ್ದೆ! ಎಂಡ್ರೆಸ್ ಉಳಿದ.

ಬೆಳಗ್ಗೆ ಶುಭ್ರವಾದ ತಲೆವಸ್ತ್ರ ಕಟ್ಟಿಕೊಂಡು ಪುರಭವನಕ್ಕೆ ಹೋದೆ. ದಳಪತಿ ಹುರಿದ ಬಾತುಕೋಳಿ ತಿನ್ನುತ್ತಿದ್ದ. ಪಕ್ಕದಲ್ಲಿ ಪಾದ್ರಿ.

"ನಿನ್ನ ಗಂಡ, ನಾನೇ ಬರೆದೆ ಅಂತ ಒಪ್ಕೊಂಡಿದ್ದಾನಲ್ಲೇ. ಇನ್ನೇನು?"

ಅಯ್ಯೋ ದಡ್ಡ! ನನ್ನನ್ನು ಉಳಿಸಲು ಹಾಗಂದಿದ್ದಾನೆ. ನನಗೆ ಅಳು ಬಂತು, ನುಂಗಿಕೊಂಡೆ.

"ಒಡೆಯಾ, ಅವನಿಗೆ ಕುಂಚ ಹಿಡಿಯೋಕೇ ಬರಲ್ಲ. ಮರ ಕೆತ್ತೋನು. ಬೇಕಾದ್ರೆ ಒಂದು ಮೂಗು ಬರೆಸಿ ನೋಡಿ."

ಅಲ್ಲೇ ಕರೆಸಿದರು. ಮುಖವೆಲ್ಲ ಬಾತುಕೊಂಡಿತ್ತು, ನನ್ನನ್ನು ನೋಡಿ ತಲೆಯಾಡಿಸಿದ. ಕುಂಚ ಕೊಟ್ಟು ಬರೆಯಿಸಿದರು. ಮೂಗು ಆಲೂಬುಖಾರ ಹಣ್ಣಿನ ಹಾಗೆ ಬಂತು. ದಳಪತಿ ನಕ್ಕು ಅವನನ್ನು ಒಳಗೆ ಕಳಿಸಿದ.

"ಹಾಗಾದ್ರೆ ಬರೆದೋರು ಯಾರು? ಗಾಯ ಇರೋದು ನಿಮ್ಮ ಹಾಳೇಲಿ."

"ನಮ್ಮ ಹಾಳೆ ಊರಿಗೆಲ್ಲ ಹೋಗಿದೆ ಒಡೆಯಾ, ಯಾರು ಬೇಕಾದ್ರೂ ನೋಡಿ ಬರೀಬಹುದು. ಬಾವುಟ ಬಟ್ಟೆ. ನಾವು ಕಾಗದದೋರು. ಈ ಊರಲ್ಲಿ ಬಟ್ಟೆ ಮೇಲೆ ಬರೆಯೋ ಹಕ್ಕು ಸಂಘದೋರದ್ದು. ಆ ಗಿರಣಿಯೋನು ಬಟ್ಟೆ ತಂದದ್ದು ಎದುರು ಮನೆ ಲೀನ್‌ಹಾರ್ಟ್ ಹತ್ರ. ಬೀದಿಯೋರೆಲ್ಲ ನೋಡಿದ್ದಾರೆ."

ಇದರಲ್ಲಿ ಒಂದಕ್ಷರ ಸುಳ್ಳಿಲ್ಲ. ಆಗ ಪಾದ್ರಿ ವಿಚಾರಣೆಯ ಕಾಗದ ನೋಡುತ್ತ, "ಆ ಲೀನ್‌ಹಾರ್ಟ್‌ನ ಬಲಗೈ ಈಸ್ಟರ್ ಕಳೆದ ವಾರದಲ್ಲೇ ಮುರಿದಿತ್ತಂತಲ್ಲ?" ಎಂದ.

 ಬುದ್ಧಿ ಎಲ್ಲಿಂದ ಬಂತೋ, ತಟ್ಟನೆ ಅಂದೆ: "ಅದಕ್ಕೇ ಸ್ವಾಮಿ, ಎಡಗೈಲಿ ಬರೆದ. ಎಡಗೈಯೋನ ಕೈಗೆ ಎಡಪಕ್ಕೆ ಸಲೀಸು. ಇಲ್ಲಾಂದ್ರೆ ತಪ್ಪು ಅಂತ ಗೊತ್ತಿದ್ದೂ ಯಾವ ಚಿತ್ರಗಾರ ನಮ್ಮ ಹಾಳೆ ನೋಡಿಕೊಂಡು ಹಾಗೇ ಬರೀತಾನೆ?"

ದಳಪತಿ ತೊಡೆ ತಟ್ಟಿಕೊಂಡು ನಕ್ಕ. "ಈ ಹೆಂಗಸಿಗಿರೋ ತಲೆ ನಿಮಗಿಲ್ಲವಲ್ಲ ಪಾದ್ರಿಗಳೇ!" ನನಗೊಂದು ಬಾತುಕೋಳಿಯ ಕಾಲು ಕೊಟ್ಟ. ಉಪ್ಪು ಸ್ವಲ್ಪ ಜಾಸ್ತಿಯಾಗಿತ್ತು.

ದಾರಿಯಲ್ಲಿ, ನಾನೇ ಬರೆದೆ ಅನ್ನಬಹುದಿತ್ತಲ್ಲ ಎಂದು ಒಂದು ಸಲ ಅನ್ನಿಸಿತು. ಅಂದಿದ್ದರೆ ಯಾರಿಗೆ ಏನು ಬಂತು? ಎಂಡ್ರೆಸ್‌ಗೆ ಅನ್ನ ಬೇಯಿಸುವವರು ಯಾರು? ಕೆಲಸ ಲೀನ್‌ಹಾರ್ಟ್‌ನದೇ. ಹೊರಗೆ ಕೆಲಸ ನಂದು ಅಂದವನು ಅವನೇ.

ಜೂನ್ ೧೧. ಭಾನುವಾರ

ಉರ್ಸೆಲ್ ಬಂದಿದ್ದಳು. ಲೀನ್‌ಹಾರ್ಟ್‌ನನ್ನು ಹಿಡಿದಿದ್ದಾರಂತೆ, ಚಾಡಿ ಹೇಳಿದವರು ಯಾರೋ ಗೊತ್ತಿಲ್ಲವಂತೆ. "ಅಕ್ಕ, ನೀನೊಬ್ಬಳು ಬಂದು ಅವರ ಕೈ ಮುರಿದಿತ್ತು, ಎಡಗೈಲಿ ಅವರಿಗೆ ಚಮಚ ಹಿಡಿಯೋಕೂ ಬರಲ್ಲ ಅಂತ ಹೇಳು. ಏಟು ಬಿದ್ದಾಗ ನೀನೇ ಇದ್ದೆಯಲ್ಲ. ಬಾ ಅಕ್ಕ, ಈಗಲೇ ಬಾ."

ತಲೆನೋವು ಅಂದೆ. ಅವಳು ಬಿಡಲಿಲ್ಲ, ಬಾಗಿಲ ಸಂದಿಗೆ ಕೈ ತೂರಿಸಿ ನನ್ನ ಅಂಗಿಯ ತೋಳು ಹಿಡಿದಳು. ನಾನು ಬಾಗಿಲು ಹಾಕಿದೆ. ಬೆರಳು ಒಳಗಿತ್ತು. ಭುಜ ಕೊಟ್ಟು ಒತ್ತಿದೆ. ಚೀರಿದಳು, ಎಳೆದುಕೊಂಡಳು. ಚೌಕಟ್ಟಿನ ಮೇಲೆ ಸ್ವಲ್ಪ ಚರ್ಮ ಉಳಿದಿತ್ತು, ಒರೆಸಿದೆ. ಈ ಬಾಗಿಲು ರೈತರು ಮುರಿದಾಗಿನಿಂದ ಸರಿಯಾಗಿ ಕೂರುತ್ತಿಲ್ಲ, ಬಡಗಿಗೆ ಹೇಳಬೇಕು.

ಜೂನ್ ೧೩

ಇವತ್ತು ಚೌಕದಲ್ಲಿ ಕಣ್ಣು ಕಿತ್ತರು. ಮನೆಗೊಬ್ಬರು ಬಂದು ನೋಡಲೇಬೇಕೆಂದು ಅಪ್ಪಣೆಯಾಗಿತ್ತು. ರೊಟ್ಟಿ ಅಂಗಡಿಯ ಪಕ್ಕ ನಿಂತೆ.

ಒಬ್ಬೊಬ್ಬರನ್ನಾಗಿ ಬೆಂಚಿಗೆ ಕಟ್ಟಿ, ತಲೆಯನ್ನು ಇಬ್ಬರು ಹಿಡಿದು, ವಧಕಾರ ತನ್ನ ಕೆಲಸ ಮಾಡುತ್ತಿದ್ದ. ಮೊದಲಿನವರು ಕಿರುಚಿದರು, ನಡುವಿನವರು ಪ್ರಾರ್ಥಿಸಿದರು. ಚರ್ಮ ಹದ ಮಾಡುವವನೊಬ್ಬ ಒಂದು ಕಣ್ಣು ಹೋದ ಮೇಲೆ ಹಗ್ಗ ಹರಿದುಕೊಂಡು ಓಡಿದ. ಬಾವಿಕಟ್ಟೆಗೆ ಹಾಯ್ದು ಬಿದ್ದ. ತಂದು ಮತ್ತೆ ಕಟ್ಟಿದರು.

ಲೀನ್‌ಹಾರ್ಟ್ ಕಿರುಚಲಿಲ್ಲ. ಬೆಂಚಿನ ಮೇಲಿಂದ ಜನರ ಗುಂಪಿನ ಕಡೆ ತಲೆ ಎತ್ತಿ ಕೂಗಿದ. "ಅತ್ತಿಗೇ! ಅಪೊಲೋನಿಯಾ ಅತ್ತಿಗೇ! ಇಲ್ಲಿದ್ದೀರಾ? ನನ್ನ ಕೈ ಮುರಿದಿತ್ತು ಅಂತ ಹೇಳಿ! ನಿಮ್ಮನೇಲೇ ಮುರಿದಿದ್ದು ಅಂತ ಹೇಳಿ ಇವರಿಗೆ!"

ವಧಕಾರನೂ ನಿಂತ. ಯಾರಾದರೂ ಮಾತಾಡುತ್ತಾರೇನೋ ಎಂದು ದಳಪತಿ ಸುತ್ತ ನೋಡಿದ. ಪಕ್ಕದಲ್ಲಿದ್ದ ರೊಟ್ಟಿಯವಳು ನನ್ನ ಮುಖ ನೋಡಿದಳು. ನಾನು ತಲೆವಸ್ತ್ರ ಮುಂದಕ್ಕೆಳೆದುಕೊಂಡೆ. ಆಮೇಲೆ ಕೆಲಸ ಮುಂದುವರಿಯಿತು.

ಉರ್ಸೆಲ್ ಓಡಿಹೋಗಿ ಅವನ ಕೈ ಹಿಡಿದಳು. ಅದಕ್ಕೂ ಅಪ್ಪಣೆಯಿತ್ತು: ಕುರುಡರ ಕೈ ಹಿಡಿದವರಿಗೆ, ಮನೆಗೆ ಸೇರಿಸಿಕೊಂಡವರಿಗೆ ಅದೇ ಶಿಕ್ಷೆ. ಹೆಂಗಸು ಎಂದು ಕಣ್ಣು ಕೀಳದೆ, ಬೆನ್ನು ಸುಲಿಯುವಂತೆ ಹೊಡೆದು ಊರ ಬಾಗಿಲಾಚೆ ನೂಕಿದರು.

ಒಂದು ಮಾತು ಮರೆಯದೆ ಬರೆದಿಡಬೇಕು. ರಕ್ತ ನಾನು ಹಚ್ಚುವಷ್ಟು ಕೆಂಪಲ್ಲ. ಕಲ್ಲಿನ ಮೇಲೆ ಬಿದ್ದು ಗಾಳಿಯಾಡಿದರೆ ಕಂದಾಗುತ್ತದೆ. ಮುಂದಿನ ಸಲ ಕೆಂಪು ಕುದಿಸುವಾಗ ಪಟಿಕ ಕಡಿಮೆ ಹಾಕಿ ನೋಡುತ್ತೇನೆ. ಮನೆಗೆ ಬಂದು ಬೇಳೆಯ ಗಂಜಿ ಎರಡು ಬಟ್ಟಲು ಕುಡಿದೆ. ಹಸಿವಾಗಿತ್ತು.

ಜೂನ್ ೧೪

ಎಂಡ್ರೆಸ್ ಮನೆಗೆ ಬಂದ! ಎರಡೂ ಕಣ್ಣು ಇವೆ. ಅವನ ಮುಖ ಹಿಡಿದುಕೊಂಡು ಕಣ್ಣಿಗೆ ಮುತ್ತಿಟ್ಟೆ. ಮುಖ ತಿರುಗಿಸಿದ. ಕತ್ತಲ ಕೋಣೆಯಲ್ಲಿದ್ದು ಬಂದವನಲ್ಲವೇ, ಬೆಳಕು ಚುಚ್ಚುತ್ತಿರಬೇಕು.

ಜೂನ್ ೧೬

ಮಾತಿಲ್ಲ ಕತೆಯಿಲ್ಲ. ಕಿಟಕಿ ನೋಡುತ್ತಾನೆ, ಬೆಕ್ಕು ನೋಡುತ್ತಾನೆ, ಎದುರು ಮನೆಯ ಮುಚ್ಚಿದ ಬಾಗಿಲು ನೋಡುತ್ತಾನೆ. ನನ್ನ ಕಡೆ ಮಾತ್ರ ಕಣ್ಣೆತ್ತುವುದಿಲ್ಲ. ಕಾವಲಿನವರು ಏನಾದರೂ ಚಾಡಿ ಹೇಳಿದ್ದಾರೆಯೇ? ಕೇಳಿದೆ. "ಬಾತುಕೋಳಿ ಚೆನ್ನಾಗಿತ್ತಂತೆ" ಅಂದ. ಅಷ್ಟೇ ಅಂದದ್ದು. ಏಟು ತಿಂದು ತಲೆಗೆ ಸ್ವಲ್ಪ ಪೆಟ್ಟಾಗಿದೆ ಅನ್ನಿಸುತ್ತದೆ. ಮೂಳೆ ಸಾರು ಮಾಡಿಕೊಟ್ಟೆ, ಮುಟ್ಟಲಿಲ್ಲ.

ಜೂನ್ ೧೯

ಇವನಿಗೆ ಏನು ಹುಚ್ಚು ಹಿಡಿದಿದೆ! ನಡು ಮಧ್ಯಾಹ್ನ, ತುಂಬಿದ ಬೀದಿಯಲ್ಲಿ, ಊರವರೆಲ್ಲ ನೋಡುತ್ತಿರುವಾಗ, ಎಂಡ್ರೆಸ್ ಲೀನ್‌ಹಾರ್ಟ್‌ನ ಕೈ ಹಿಡಿದು ನಡೆಸಿಕೊಂಡು ಬಂದ. ಚರ್ಮ ಹದ ಮಾಡುವ ಹೊಂಡಗಳ ಹತ್ತಿರ ತಡಕಾಡುತ್ತ ಕೂತಿದ್ದನಂತೆ. ಕಣ್ಣಿಗೆ ಕಟ್ಟಿದ ಚಿಂದಿ ಕೀವಿನಿಂದ ಗಟ್ಟಿಯಾಗಿತ್ತು. ನೊಣ ಮುತ್ತುತ್ತಿತ್ತು.

ನಾನು ಎಂಡ್ರೆಸ್‌ನ ಎದೆಗೆ ಗುದ್ದಿದೆ. "ಅಪ್ಪಣೆ ಕೇಳಿಲ್ವಾ ನೀನು? ಕಣ್ಣು ಕೀಳ್ತಾರೆ ಕಣೋ! ನಿನ್ನ ಕಣ್ಣು ಉಳಿಸೋಕೆ ನಾನು ಏನೇನು ಮಾಡಿದೆ ಗೊತ್ತಾ?"

"ಗೊತ್ತು" ಅಂದ. ಲೀನ್‌ಹಾರ್ಟ್‌ನನ್ನು ನನ್ನ ಬಣ್ಣದ ಮೇಜಿನ ಎದುರು ಬೆಂಚಿನ ಮೇಲೆ ಕೂರಿಸಿದ. "ಇನ್ಮೇಲೆ ಇವನು ಇಲ್ಲೇ ಇರ್ತಾನೆ. ನಿನ್ನ ಎದುರಿಗೇ ಕೂರ್ತಾನೆ, ನಿನ್ನ ಎದುರಿಗೇ ಊಟ ಮಾಡ್ತಾನೆ."

ಬಾಗಿಲು ಹಾಕೋಣವೆಂದರೆ ತೆರೆದೇ ಇರಲಿ ಅಂದ. ನಾನು ಏನು ಮಾಡಲಿ, ಕುಂಚ ಹಿಡಿದು ಕೆಲಸಕ್ಕೆ ಕೂತೆ. ಕೈಗೆ ಸಿಕ್ಕಿದ ಹಾಳೆಗೆ ಕೆಂಪು ಹಚ್ಚುತ್ತಿದ್ದೆ. ಲೀನ್‌ಹಾರ್ಟ್ ಕುಂಚದ ಸದ್ದು ಬಂದ ಕಡೆ ಮುಖ ತಿರುಗಿಸಿದ.

"ಅತ್ತಿಗೇ, ಒಂದು ಮಾತು. ಉರ್ಸೆಲ್ ಇಲ್ಲ, ಬೇರೆ ಯಾರನ್ನ ಕೇಳಲಿ. ಅವತ್ತು ಚೌಕದಲ್ಲಿ ನಾನು ನಿಮ್ಮನ್ನ ಕೂಗಿದೆ. ನೀವು ಅಲ್ಲಿರಲಿಲ್ಲ ಅಲ್ವಾ? ಇದ್ದಿದ್ರೆ ಹೇಳಿರ್ತಿದ್ರಿ. ನಾನು ಅದನ್ನೇ ಅಂದ್ಕೊಂಡು ದಿನ ಕಳೀತಿದ್ದೀನಿ."

ಎಂಡ್ರೆಸ್ ತಿರುಗಿ ನನ್ನನ್ನು ನೋಡಿದ. ಮನೆಗೆ ಬಂದ ಮೇಲೆ ಮೊದಲ ಸಲ. ನೆಟ್ಟ ನೋಟ, ರೆಪ್ಪೆ ಬಡಿಯಲಿಲ್ಲ.

"ಇರಲಿಲ್ಲ ಕಣಪ್ಪ. ತಲೆನೋವಿತ್ತು, ಮನೇಲಿದ್ದೆ" ಅಂದೆ.

"ಅದೇ ಅಂದ್ಕೊಂಡೆ" ಎಂದು ಲೀನ್‌ಹಾರ್ಟ್ ತಡಕಾಡಿ ನನ್ನ ಕೈ ಹಿಡಿದುಕೊಂಡ. ಸಮಾಧಾನವಾಯಿತು ಅನ್ನಿಸುತ್ತದೆ, ಮುಖ ಸಡಿಲವಾಯಿತು. ಎಂಡ್ರೆಸ್ ನೋಡುತ್ತಲೇ ಇದ್ದ. ಈ ಕಣ್ಣುಗಳಿಗಾಗಿಯೇ ನಾನು ಇಷ್ಟೆಲ್ಲ ಮಾಡಿದ್ದು. ಯಾಕೋ ಏನೋ, ತಲೆಯೆತ್ತಿ ಅವನ್ನು ನೋಡಲು ನನ್ನಿಂದ ಆಗಲಿಲ್ಲ.